ಉಸಿರ ದಾರಿಯ ಬಿಗಿ
(ಸುವರ್ಣ ಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



"ಡಾಕ್ಟ್ರೇ, ಆರೋಗ್ಯದ ಬಗ್ಗೆ ಏನಾದರೂ ಹೇಳಿ, ಊಟದ ಹೊತ್ತಿಗೆ ಮುಗಿಸಿ" ಎಂದು ಸಮಿತಿಯವರು ಅಪ್ಪಣೆ ಕೊಟ್ಟಿದ್ದಾರೆ. ಆರೋಗ್ಯ ದೊಡ್ಡ ವಿಷಯ. ನಾನು ಒಂದು ಸಣ್ಣ ಸ್ನಾಯುವಿನ ಬಗ್ಗೆ ಮಾತ್ರ ಹೇಳುತ್ತೇನೆ. ಅದಕ್ಕೂ ನಮ್ಮ ಮನೆಗೂ ಹಳೆಯ ಲೆಕ್ಕವಿದೆ.

ನಾನು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಅವ್ವನಿಗೆ ಉಬ್ಬಸವಿತ್ತು. ರಾಗಿ ಒಕ್ಕಣೆಯ ದಿನಗಳಲ್ಲಿ ಹೆಚ್ಚಾಗುತ್ತಿತ್ತು. ಹಗಲೆಲ್ಲ ಓಡಾಡಿಕೊಂಡಿದ್ದವಳು ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಒಂದು ರಾತ್ರಿ, ಯಾರೋ ಹೇಳಿದರೆಂದು, ಒಣಗಿಸಿದ ಉಮ್ಮತ್ತಿ ಎಲೆಯನ್ನು ಬೀಡಿಯಂತೆ ಸುತ್ತಿ ಸೇದಿಸಿದರು. ಸ್ವಲ್ಪ ಹೊತ್ತಿಗೆ ಉಸಿರು ಸಡಿಲವಾಯಿತು. ಅದರ ಹಿಂದೆಯೇ ಬಾಯಿ ಒಣಗಿತು, ಕಣ್ಣಿನ ಪಾಪೆ ಅಗಲವಾಯಿತು, ತೀರಿಹೋದ ತನ್ನ ತಾಯಿಯ ಜೊತೆ ಅವ್ವ ಮಾತಾಡತೊಡಗಿದಳು. ಬೆಳಗಾಗುವವರೆಗೂ ನಾವು ಹೆದರಿ ಕೂತಿದ್ದೆವು. ಉಮ್ಮತ್ತಿ ವಿಷ, ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಆದರೆ ಉಸಿರು ಸಡಿಲವಾದದ್ದು ಹೇಗೆ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಉತ್ತರ ಸಿಕ್ಕಿದ್ದು ಮೆಡಿಕಲ್ ಕಾಲೇಜು ಸೇರಿದ ಮೇಲೆ.

ನಮ್ಮ ಶ್ವಾಸನಾಳ ಎದೆಯೊಳಗೆ ಎರಡಾಗಿ, ನಾಲ್ಕಾಗಿ, ಮರದ ಕೊಂಬೆಯಂತೆ ಕವಲೊಡೆಯುತ್ತದೆ. ಆ ಕವಲುಗಳ ಗೋಡೆಯನ್ನು ಸುತ್ತಿಕೊಂಡು ಅನೈಚ್ಛಿಕ ಸ್ನಾಯು ಇದೆ. ನಾವು ಸುಮ್ಮನೆ ಮಲಗಿರುವಾಗ ಅದೂ ಪೂರ್ತಿ ಸಡಿಲವಾಗಿ ಬಿದ್ದಿರುತ್ತದೆ ಎಂದುಕೊಂಡರೆ ತಪ್ಪು. ಆರೋಗ್ಯವಂತರಲ್ಲೂ ಅದು ಸದಾ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ. ಎತ್ತು ನಿಂತಲ್ಲೇ ನಿಂತಿದ್ದರೂ ಗಾಡಿಯವನು ಹಗ್ಗವನ್ನು ಕೈಬಿಡುವುದಿಲ್ಲವಲ್ಲ, ಹಾಗೆ.

ಹಗ್ಗ ಹಿಡಿದ ಕೈ ಯಾವುದು? ಮೆದುಳಿನ ಬುಡದಿಂದ ಇಳಿದು ಬರುವ ವೇಗಸ್ ಎಂಬ ನರ. ಅದರ ತುದಿಯಿಂದ ಅಸಿಟೈಲ್ ಕೋಲಿನ್ ಎಂಬ ರಾಸಾಯನಿಕ ಸ್ವಲ್ಪ ಸ್ವಲ್ಪವೇ ಸ್ರವಿಸುತ್ತದೆ. ಅದು ಸ್ನಾಯುಕೋಶದ ಮೇಲಿನ ತನ್ನ ಸೀಟಿನಲ್ಲಿ ಕೂತೊಡನೆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಸ್ನಾಯುವಿನ ಎಳೆಗಳು ಒಂದನ್ನೊಂದು ಎಳೆಯುತ್ತವೆ. ಉಮ್ಮತ್ತಿಯಲ್ಲಿ ಅಟ್ರೋಪಿನ್ ಮತ್ತು ಅದರ ಬಳಗದ ವಸ್ತುಗಳಿವೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಅದೇ ಕೆಲಸವನ್ನು ಅವು ಮಾಡುತ್ತವೆ. ಅಸಿಟೈಲ್ ಕೋಲಿನ್‌ಗೆ ಕೂರಲು ಜಾಗವಿಲ್ಲ, ಸ್ನಾಯು ಸಡಿಲ. ಉಬ್ಬಸವೇ ಇಲ್ಲದವರಿಗೆ ಅಟ್ರೋಪಿನ್ ಕೊಟ್ಟರೂ ಶ್ವಾಸನಾಳ ಇನ್ನಷ್ಟು ಅಗಲವಾಗುತ್ತದೆ. ಅಂದರೆ ನರ ಸದಾ ಎಳೆಯುತ್ತಲೇ ಇತ್ತು ಎಂದಾಯಿತು. ಮಕ್ಕಳೇ, ಈ ನರ ರಾಸಾಯನಿಕದ ಮೂಲಕ ಮಾತಾಡುತ್ತದೆ ಎಂದು 1921ರಲ್ಲಿ ತೋರಿಸಿದವರು ಆಸ್ಟ್ರಿಯಾದಲ್ಲಿದ್ದ ಆಟೋ ಲೋವಿ. ಉಪಕರಣ ಏನಪ್ಪಾ ಅಂದರೆ ಎರಡು ಕಪ್ಪೆಯ ಹೃದಯ, ಸ್ವಲ್ಪ ಉಪ್ಪುನೀರು. 1936ರಲ್ಲಿ ನೊಬೆಲ್ ಬಂತು. ನಮ್ಮ ಶಾಲೆಯ ಪ್ರಯೋಗಾಲಯ ಬಡವಾಗಿತ್ತು ಎಂದು ನಾವು ಯಾರೂ ಕೊರಗಬೇಕಿಲ್ಲ.

ಇನ್ನೊಂದು ಬೆರಗು. ಕೈಯನ್ನು ಮುಂದಕ್ಕೆ ಚಾಚಿ ಹಿಡಿಯಿರಿ, ಕೆಲವೇ ನಿಮಿಷಕ್ಕೆ ಸೋತು ಇಳಿಯುತ್ತದೆ. ಈ ಸ್ನಾಯು ಎಂಬತ್ತು ವರ್ಷ ಹಿಡಿದರೂ ದಣಿಯದು. ಎಳೆಗಳು ಒಮ್ಮೆ ಹಿಡಿದ ಮೇಲೆ ಚಿಲಕ ಹಾಕಿದಂತೆ ನಿಧಾನವಾಗಿ ಬಿಡುತ್ತವೆ, ಹಾಗಾಗಿ ಖರ್ಚಾಗುವ ಶಕ್ತಿ ಬಹಳ ಕಡಿಮೆ.

ಸಡಿಲಿಸುವ ಕಡೆಯವರೂ ಇದ್ದಾರೆ. ರಕ್ತದಲ್ಲಿ ಬರುವ ಅಡ್ರಿನಲಿನ್ ಒಂದು, ಕೆಲವು ನರಗಳು ಬಿಡುವ ನೈಟ್ರಿಕ್ ಆಕ್ಸೈಡ್ ಇನ್ನೊಂದು. ನಾವು ಆಗಾಗ ಗೊತ್ತಿಲ್ಲದೆಯೇ ಬಿಡುವ ನಿಟ್ಟುಸಿರು ಕೂಡ ಸ್ನಾಯುವನ್ನು ಹಿಗ್ಗಿಸಿ ಸಡಿಲಿಸುತ್ತದೆ. ಉಬ್ಬಸವಿದ್ದವರಲ್ಲಿ ಈ ಉಪಾಯ ಸರಿಯಾಗಿ ನಡೆಯುವುದಿಲ್ಲ. ರಾತ್ರಿ ವೇಗಸ್‌ನ ಎಳೆತ ಹೆಚ್ಚು, ಅಡ್ರಿನಲಿನ್ ಕಡಿಮೆ. ಅವ್ವ ಮೂರು ಗಂಟೆಗೇ ಏಕೆ ಎದ್ದು ನಿಲ್ಲುತ್ತಿದ್ದಳು ಎಂಬುದು ನನಗೆ ಅರ್ಥವಾದದ್ದು ಆಗ. ಮನೆಯಲ್ಲಿ ನಾವು ಅದಕ್ಕೆ ಬೇರೆ ಬೇರೆ ಕಾರಣ ಹುಡುಕಿದ್ದೆವು, ಹರಕೆಯನ್ನೂ ಹೊತ್ತಿದ್ದೆವು.

ಈಗ ಪೈಪಿನ ಲೆಕ್ಕ ನೋಡಿ. ನಾಳದ ಅಗಲ ಅರ್ಧಕ್ಕಿಳಿದರೆ ಗಾಳಿಗೆ ಅಡ್ಡಿ ಎರಡು ಪಟ್ಟಲ್ಲ, 16 ಪಟ್ಟು ಆಗುತ್ತದೆ. ಉಬ್ಬಸದಲ್ಲಿ ಸ್ನಾಯು ಹೊಗೆಗೆ, ದೂಳಿಗೆ, ತಣ್ಣನೆ ಗಾಳಿಗೆ ಅತಿಯಾಗಿ ಬಿಗಿಯುತ್ತದೆ. ಜೊತೆಗೆ ನಾಳದ ಒಳಪದರ ಊದಿಕೊಂಡಿರುತ್ತದೆ. ತೊಂದರೆ ಎರಡು, ಔಷಧಿಯೂ ಎರಡು ಬಗೆ. ನಿಮ್ಮಲ್ಲಿ ಹಲವರ ಜೇಬಿನಲ್ಲಿರುವ ಸಾಲ್ಬುಟಮಾಲ್ ಇನ್‌ಹೇಲರ್ ಅಡ್ರಿನಲಿನ್‌ನ ಕೆಲಸ ಮಾಡಿ ನಾಲ್ಕಾರು ಗಂಟೆ ಸ್ನಾಯುವನ್ನು ಸಡಿಲಿಸುತ್ತದೆ. ಊತವನ್ನು ಅದು ಮುಟ್ಟುವುದಿಲ್ಲ. ಊತ ಇಳಿಸುವುದು ಇನ್‌ಹೇಲರ್‌ನಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡ್. ಅದು ತಕ್ಷಣ ಹಾಯೆನಿಸುವುದಿಲ್ಲ, ಆದ್ದರಿಂದ ಜನ ಬಿಟ್ಟುಬಿಡುತ್ತಾರೆ. ತುರ್ತಿಗೆ ಬರುವವರಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ. ಸಾಲ್ಬುಟಮಾಲ್ ಒಂದನ್ನೇ ನಂಬಬೇಡಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ 2019ರಿಂದ ಹೇಳುತ್ತಿದೆ. "ಪಂಪ್ ಹಿಡಿದರೆ ಚಟವಾಗುತ್ತದೆ, ಕೊನೆಗಾಲದವರಿಗೆ ಮಾತ್ರ ಅದು" ಎಂಬ ಮಾತನ್ನು ನಮ್ಮೂರ ಅರಳಿಕಟ್ಟೆಯ ಮೇಲೆ ನಾನೇ ಕೇಳಿದ್ದೇನೆ. ಚಟವಾಗುವುದಿಲ್ಲ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಬಚ್ಚಿಡುವವರೂ ಇದ್ದಾರೆ. ಅದು ಔಷಧಿಯ ತಪ್ಪಲ್ಲ.

ನಾಳೆ ಬೆಳಿಗ್ಗೆ ಹತ್ತಕ್ಕೆ ಎಂಟನೇ ತರಗತಿಯ ಕೊಠಡಿಯಲ್ಲಿ ಕೂತಿರುತ್ತೇನೆ. ಊದಿ ನೋಡುವ ಮೀಟರ್ ತಂದಿದ್ದೇನೆ. ರಾತ್ರಿ ಎಚ್ಚರವಾಗಿ ಎದ್ದು ಕೂರುವವರು ಮೊದಲು ಬನ್ನಿ. ನಿಮ್ಮ ಇನ್‌ಹೇಲರ್ ಜೊತೆಗೇ ತನ್ನಿ, ಎಳೆಯುವ ರೀತಿ ತಪ್ಪಿದ್ದರೆ ಅಲ್ಲೇ ಸರಿಮಾಡೋಣ. ಅವ್ವನೂ ಬರುತ್ತಾಳೆ, ಹೇಗೆ ಎಳೆಯಬೇಕೆಂದು ನನಗಿಂತ ಚೆನ್ನಾಗಿ ತೋರಿಸುತ್ತಾಳೆ.