ಗೊರಕೆಯ ನಡುವೆ ಉಸಿರು ನಿಂತರೆ

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)

ಇವತ್ತು ನಾವು ಗೊರಕೆಯ ಬಗ್ಗೆ ಮಾತಾಡೋಣ. ಗೊರಕೆ ಅಂದ ಕೂಡಲೆ ನಿಮಗೆ ನಗು ಬರುತ್ತದೆ. ನಗಿ, ಪರವಾಗಿಲ್ಲ. ನಾವೂ ನಕ್ಕವರೇ. ಶಾಲೆಯಲ್ಲಿ ಕುಂಭಕರ್ಣನ ಕತೆ ಹೇಳುವಾಗ ನಾವು ಗೊರಕೆ ಹೊಡೆದು ತೋರಿಸುತ್ತೇವೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೆ ನಮ್ಮ ಈ ಕೇಂದ್ರದಲ್ಲಿ ಒಂದು ದಿನ ಆ ನಗು ಅರ್ಧಕ್ಕೇ ನಿಂತಿತು. ಅದನ್ನು ಮೊದಲು ಹೇಳುತ್ತೇವೆ.

ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಅವತ್ತು ಪಾಠದ ನಡುವೆ ತೂಕಡಿಸುತ್ತಿದ್ದರು. "ಯಾಕಕ್ಕ, ರಾತ್ರಿ ನಿದ್ದೆ ಮಾಡಲಿಲ್ವಾ?" ಎಂದು ಕೇಳಿದೆವು. "ನಮ್ಮನೆಯವ್ರ ಗೊರಕೆ ಟೀಚರಮ್ಮ, ನಿದ್ದೆ ಎಲ್ಲಿಂದ ಬರ್ಬೇಕು?" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಆಗ ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಗೊರಕೆ ಹೊಡೀತಾ ಇದ್ರೆ ನಂಗೆ ಭಯ ಇಲ್ಲ. ಅದು ನಿಂತಾಗ ಭಯ. ಉಸಿರೇ ನಿಂತೋಗುತ್ತೆ. ಎದ್ದು ಕೂತು ಅಲುಗಾಡಿಸ್ತೀನಿ."

ಆಮೇಲೆ ಯಾರೂ ನಗಲಿಲ್ಲ.

ಅವರ ಯಜಮಾನರು ತರಕಾರಿ ಸಾಗಿಸುವ ಟೆಂಪೊ ಓಡಿಸುತ್ತಾರೆ. ಬೆಳಗಿನ ಜಾವ ಮೂರಕ್ಕೆ ಮನೆ ಬಿಡಬೇಕು. ಒಂದು ದಿನ ಟೆಂಪೊ ರಸ್ತೆ ಬಿಟ್ಟು ಹಳ್ಳಕ್ಕೆ ಇಳಿಯಿತು. ದೇವರ ದಯೆ, ಜೀವ ಉಳಿಯಿತು. ಊರವರು "ಕುಡಿದಿದ್ದ" ಎಂದರು. ಅವರು ಕುಡಿಯುವವರಲ್ಲ. ಸ್ಟೇರಿಂಗ್ ಹಿಡಿದೇ ನಿದ್ದೆ ಹೋಗಿದ್ದರು. ಸಂತೆಯಲ್ಲಿ ಮೂಟೆ ಇಳಿಸುವಾಗಲೂ ತೂಕಡಿಸುತ್ತಿದ್ದರು. "ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂದು ಜನ ಆಡಿಕೊಂಡರು. ಅತ್ತೆಯವರು "ಗಾಳಿ ಸೋಕಿದೆ, ತಾಯತ ಕಟ್ಟಿಸು" ಎಂದರು. ತಾಯತವನ್ನೂ ಕಟ್ಟಿಸಿದ್ದಾಯಿತು.

ಅದು ಗಾಳಿ ಸೋಕಿದ್ದಲ್ಲ. ಸೋಮಾರಿತನವೂ ಅಲ್ಲ. ಅದೊಂದು ಕಾಯಿಲೆ. ವೈದ್ಯರು ಅದಕ್ಕೆ ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಎಂದು ಅರ್ಥ.

ಗೊರಕೆ ಹೇಗೆ ಬರುತ್ತದೆ?

ನಾವು ನಿದ್ದೆ ಹೋದಾಗ ಕೈಕಾಲು ಸಡಿಲವಾಗುತ್ತವೆ. ಹಾಗೆಯೇ ಗಂಟಲಿನ ಒಳಗಿನ ಮಾಂಸವೂ ಸಡಿಲವಾಗುತ್ತದೆ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರುತ್ತದೆ. ಗಾಳಿ ಹೋಗುವ ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಕಿರುನಾಲಿಗೆ ಮತ್ತು ಅದರ ಸುತ್ತಲಿನ ಮೆತ್ತನೆಯ ಭಾಗ ಅದುರುತ್ತದೆ. ತಂತಿಯ ಮೇಲೆ ಒಣಹಾಕಿದ ಬಟ್ಟೆ ಗಾಳಿಗೆ ಪಟಪಟ ಅನ್ನುವುದಿಲ್ಲವೆ? ಹಾಗೆ. ಅದೇ ಗೊರಕೆಯ ಸದ್ದು.

ನೆಗಡಿಯಾದಾಗ, ತುಂಬ ದಣಿದಾಗ ಒಮ್ಮೊಮ್ಮೆ ಗೊರಕೆ ಬಂದರೆ ಹೆದರಬೇಕಾಗಿಲ್ಲ. ಆದರೆ ಕೆಲವರಿಗೆ ಗಾಳಿಯ ದಾರಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಎದೆ, ಹೊಟ್ಟೆ ಏರಿಳಿಯುತ್ತಲೇ ಇರುತ್ತವೆ. ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹೀಗಿರುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಮೆದುಳು ಗಾಬರಿಯಿಂದ ಎಚ್ಚರಿಸುತ್ತದೆ. ಮಲಗಿದವರು "ಹಾ" ಎಂದು ಏದುಸಿರು ಬಿಟ್ಟು, ಹೊರಳಿ, ಮತ್ತೆ ನಿದ್ದೆಗೆ ಜಾರುತ್ತಾರೆ. ಮತ್ತೆ ಗೊರಕೆ. ಮತ್ತೆ ಉಸಿರು ಬಂದ್.

ಬೆಳಿಗ್ಗೆ ಅವರಿಗೆ ಇದು ಯಾವುದೂ ನೆನಪಿರುವುದಿಲ್ಲ. ಎಂಟು ಗಂಟೆ ಮಲಗಿದೆ ಎಂದುಕೊಳ್ಳುತ್ತಾರೆ. ಆದರೆ ರಾತ್ರಿ ನೂರಾರು ಸಲ ನಿದ್ದೆ ಮುರಿದಿರುತ್ತದೆ. ಒಂದು ನಿಮಿಷಕ್ಕೊಮ್ಮೆ ನಿಮ್ಮನ್ನು ಯಾರಾದರೂ ತಟ್ಟಿ ಎಬ್ಬಿಸಿದರೆ ಬೆಳಿಗ್ಗೆ ಹೇಗಿರುತ್ತೀರಿ? ಅವರೂ ಹಾಗೇ ಇರುತ್ತಾರೆ.

ಇದರಿಂದ ಏನಾಗುತ್ತದೆ?

ಬೆಳಿಗ್ಗೆ ತಲೆ ನೋವು. ಬಾಯಿ ಒಣಗುವುದು. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು. ಹಗಲೆಲ್ಲ ತೂಕಡಿಕೆ. ಮರೆವು. ಸಣ್ಣ ಮಾತಿಗೂ ಸಿಟ್ಟು. ಇವು ಮೇಲಿನ ಗುರುತುಗಳು. ಒಳಗೆ ಇನ್ನೂ ಹೆಚ್ಚು ನಡೆಯುತ್ತದೆ. ಉಸಿರು ನಿಂತಾಗಲೆಲ್ಲ ಹೃದಯಕ್ಕೆ ಶ್ರಮವಾಗುತ್ತದೆ. ಬಿ.ಪಿ. ಏರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಹೃದಯದ ಕಾಯಿಲೆ, ಲಕ್ವ, ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು. ಗಾಡಿ ಓಡಿಸುವವರಿಗೆ ಅಪಘಾತದ ಭಯ ಬೇರೆ.

ಇದು ಅಪರೂಪದ ಕಾಯಿಲೆಯಲ್ಲ. ಲೋಕದಲ್ಲಿ 30ರಿಂದ 69 ವರ್ಷದೊಳಗಿನ ಸುಮಾರು 93 ಕೋಟಿ ಜನರಿಗೆ ಇದು ಇದೆ ಎಂದು 2019ರಲ್ಲಿ ತಜ್ಞರು ಲೆಕ್ಕ ಹಾಕಿದರು. ಹಿಂದಿ ಸಿನಿಮಾ ಸಂಗೀತಗಾರ ಬಪ್ಪಿ ಲಹಿರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ್ದು ಇದೇ ಕಾಯಿಲೆಯ ಹೆಸರು.

ಯಾರಿಗೆ ಬರುತ್ತದೆ?

ದಪ್ಪ ಇರುವವರಿಗೆ, ಕತ್ತು ದಪ್ಪ ಇರುವವರಿಗೆ ಹೆಚ್ಚು. ಟೈಲರ್ ಟೇಪಿನಿಂದ ಕತ್ತು ಅಳೆಯಿರಿ. 40 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಗಮನ ಇರಲಿ. ರಾತ್ರಿ ಕುಡಿದು ಮಲಗುವವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಥೈರಾಯಿಡ್ ಕಡಿಮೆ ಇರುವವರಿಗೂ ಬರಬಹುದು. ಸಣಕಲು ಮೈಯವರಿಗೂ ಬರಬಹುದು. ಕೆಳದವಡೆ ಚಿಕ್ಕದಿದ್ದರೆ ಗಂಟಲ ದಾರಿ ಮೊದಲೇ ಕಿರಿದಾಗಿರುತ್ತದೆ.

ಈಗ ನಮ್ಮ ವಿಷಯಕ್ಕೆ ಬರೋಣ. ಇದು ಗಂಡಸರ ಕಾಯಿಲೆ ಎಂದು ಸುಮ್ಮನಿರಬೇಡಿ. ಹೆಂಗಸರಿಗೂ ಬರುತ್ತದೆ. ಮುಟ್ಟು ನಿಂತ ಮೇಲೆ ಹೆಚ್ಚು ಬರುತ್ತದೆ. ಬಸುರಿಯಾದಾಗ ಹೊಸದಾಗಿ ಜೋರು ಗೊರಕೆ ಶುರುವಾದರೆ ನರ್ಸಮ್ಮನಿಗೆ ಹೇಳಿ. ಬಿ.ಪಿ. ನೋಡಬೇಕಾಗುತ್ತದೆ. ಹೆಂಗಸರಲ್ಲಿ ಗೊರಕೆಯ ಸದ್ದು ಕೆಲವೊಮ್ಮೆ ಕಡಿಮೆ ಇರುತ್ತದೆ. ಸುಸ್ತು, ತಲೆ ನೋವು, ನಿದ್ದೆ ಬಾರದಿರುವುದು, ಮನಸ್ಸಿಗೆ ಬೇಸರ, ಇಷ್ಟೇ ಕಾಣುತ್ತದೆ. "ಕೆಲಸ ಜಾಸ್ತಿ, ಅದಕ್ಕೇ ಸುಸ್ತು" ಎಂದು ನಾವೇ ಸಮಾಧಾನ ಮಾಡಿಕೊಳ್ಳುತ್ತೇವೆ.

ನಾಚಿಕೆ ಒಂದು. "ಹೆಂಗಸು ಗೊರಕೆ ಹೊಡೀತಾಳಾ?" ಎಂದು ಯಾರಾದರೂ ನಕ್ಕಾರು ಎಂಬ ಅಳುಕು. ಉಸಿರಿಗೆ ಯಾಕೆ ನಾಚಿಕೆ? ನಿಮ್ಮ ಗೊರಕೆ ನಿಮಗೆ ಕೇಳಿಸುವುದಿಲ್ಲ. ಪಕ್ಕದಲ್ಲಿ ಮಲಗುವ ಮಗಳನ್ನು, ಸೊಸೆಯನ್ನು ಕೇಳಿ. ಮೊಬೈಲಿನಲ್ಲಿ ಸದ್ದು ಹಿಡಿಯಲು ಹೇಳಿ.

ಮಕ್ಕಳನ್ನೂ ನೋಡಿ. ದಿನಾ ಗೊರಕೆ ಹೊಡೆಯುವ, ಬಾಯಿ ತೆರೆದು ಮಲಗುವ ಮಗುವಿಗೆ ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿನ ಗಡ್ಡೆ ಊದಿರಬಹುದು. ಅಂಥ ಮಗು ಹಾಸಿಗೆ ಒದ್ದೆ ಮಾಡಬಹುದು. ಪಾಠದಲ್ಲಿ ಮನಸ್ಸು ನಿಲ್ಲದೆ ಇರಬಹುದು. ತರಗತಿಯಲ್ಲಿ ತೂಕಡಿಸಿದ ಹುಡುಗನನ್ನು ನಾವೂ ಗದರಿದ್ದೇವೆ. ಬೆಂಚಿನ ಮೇಲೆ ನಿಲ್ಲಿಸಿದ್ದೇವೆ. ಈಗ ಮೊದಲು "ರಾತ್ರಿ ಹೇಗೆ ಮಲಗ್ತಾನೆ?" ಎಂದು ಅವನ ತಾಯಿಯನ್ನು ಕೇಳುತ್ತೇವೆ. ಮಕ್ಕಳಲ್ಲಿ ಆ ಗಡ್ಡೆ ತೆಗೆಸಿದರೆ ಹೆಚ್ಚಿನ ಸಲ ಗುಣವಾಗುತ್ತದೆ.

ನೀವೇ ಸಾಕ್ಷಿ

ಮಲಗಿದವರಿಗೆ ತಮ್ಮ ಕಾಯಿಲೆ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಎಚ್ಚರ ಇರುವವರಿಗೆ ಗೊತ್ತಿರುತ್ತದೆ. ಅಂದರೆ ನಿಮಗೆ. ವೈದ್ಯರಿಗೆ ಬೇಕಾದ್ದೂ ನಿಮ್ಮ ಮಾತೇ.

ನಮ್ಮ ಅಕ್ಕನಿಗೆ ನಾವು ಒಂದು ಕೆಲಸ ಹೇಳಿದೆವು. "ನೋಟ್‌ಬುಕ್ಕು ತಲೆದಿಂಬಿನ ಹತ್ತಿರ ಇಟ್ಕೊಳ್ಳಿ. ಉಸಿರು ನಿಂತಾಗ ಮನಸ್ಸಿನಲ್ಲೇ ನಿಧಾನವಾಗಿ ಹತ್ತು ಎಣಿಸಿ. ಹತ್ತು ದಾಟಿದರೆ ಒಂದು ಗೆರೆ ಎಳೆಯಿರಿ." ಎರಡು ದಿನ ಬಿಟ್ಟು ಅವರು ಪುಸ್ತಕ ತಂದರು. ಡೊಂಕು ಅಕ್ಷರದಲ್ಲಿ ಬರೆದಿದ್ದರು: "ಸೋಮವಾರ ರಾತ್ರಿ. 11ರಿಂದ 12. ಉಸಿರು ನಿಂತದ್ದು 14 ಸಲ."

ಅವರ ಯಜಮಾನರು ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. "ನಂಗೇನಾಗಿದೆ? ಚೆನ್ನಾಗೇ ಮಲಗ್ತೀನಿ" ಎಂದರು. ಅಕ್ಕ ಆ ಪುಟ ತೆರೆದು ಮುಂದೆ ಇಟ್ಟರು. ಅವರು ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಚಪ್ಪಲಿ ಮೆಟ್ಟಿ ಹೊರಟರು.

ಚಿಕಿತ್ಸೆ ಏನು?

ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ಅಥವಾ ಶ್ವಾಸಕೋಶದ ವೈದ್ಯರಿಗೆ ತೋರಿಸಬೇಕು. ಅವರು ನಿದ್ದೆಯ ಪರೀಕ್ಷೆ ಮಾಡಿಸಲು ಹೇಳಬಹುದು. ಸೂಜಿ ಇಲ್ಲ, ನೋವಿಲ್ಲ. ಮೈಗೆ ಸಣ್ಣ ವೈರು ಅಂಟಿಸಿ ರಾತ್ರಿ ಮಲಗಿಸುತ್ತಾರೆ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು, ಎಷ್ಟು ಸಲ ತೀರ ಕಡಿಮೆಯಾಯಿತು ಎಂದು ಎಣಿಸುತ್ತಾರೆ. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 15 ದಾಟಿದರೆ ಮಧ್ಯಮ. 30 ದಾಟಿದರೆ ತೀವ್ರ. ನಮ್ಮ ಅಕ್ಕನ ಯಜಮಾನರಿಗೆ 38 ಬಂತು.

ಕಾಯಿಲೆ ಹೆಚ್ಚಿದ್ದರೆ ಸಿ-ಪ್ಯಾಪ್ ಎಂಬ ಯಂತ್ರ ಕೊಡುತ್ತಾರೆ. ಗಾಳಿ ಇಳಿದ ಸೈಕಲ್ ಟ್ಯೂಬು ಚಪ್ಪಟೆಯಾಗುತ್ತದೆ. ಗಾಳಿ ತುಂಬಿದರೆ ದುಂಡಗೆ ನಿಲ್ಲುತ್ತದೆ. ಈ ಯಂತ್ರ ಮಾಸ್ಕಿನ ಮೂಲಕ ಗಾಳಿ ಒತ್ತಿ ಗಂಟಲ ದಾರಿ ಮುಚ್ಚದಂತೆ ಹಿಡಿಯುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಜೊತೆಗಾರರು 1981ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಅದಕ್ಕೆ ಮೊದಲು ತೀವ್ರ ಕಾಯಿಲೆಯವರಿಗೆ ಕತ್ತಿನಲ್ಲಿ ರಂಧ್ರ ಮಾಡಿ ಉಸಿರಿಗೆ ದಾರಿ ಮಾಡುತ್ತಿದ್ದರು.

ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ದೊಡ್ಡ ಊರುಗಳಲ್ಲಿ ಬಾಡಿಗೆಗೂ ಸಿಗುತ್ತದೆ. ಇದಕ್ಕೆ ಕರೆಂಟು ಬೇಕು. ಪ್ರತಿ ರಾತ್ರಿ ಹಾಕಿಕೊಳ್ಳಬೇಕು. ಒಂದು ವಾರ ಹಾಕಿ ಬಿಟ್ಟರೆ ಕಾಯಿಲೆ ಮತ್ತೆ ಹಾಗೇ. ಕೆಲವರಿಗೆ ದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನ ಸಾಕಾಗುತ್ತದೆ. ಕೆಲವರಿಗೆ ಆಪರೇಷನ್ ಬೇಕಾಗುತ್ತದೆ. ಅದನ್ನು ವೈದ್ಯರು ಹೇಳಬೇಕು.

ಮನೆಯಲ್ಲಿ ಮಾಡುವುದೂ ಇದೆ. ಮಗ್ಗುಲಾಗಿ ಮಲಗಬೇಕು. ಅಂಗಾತ ಹೊರಳಿದರೆ, ಹಳೇ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಒಂದು ಚೆಂಡು ಇಡಿ. ಬೆನ್ನಿಗೆ ಒತ್ತಿದಾಗ ತಾವೇ ಹೊರಳುತ್ತಾರೆ. ತೂಕ ಇಳಿಸಬೇಕು. ತೂಕ ಹತ್ತರಲ್ಲಿ ಒಂದು ಪಾಲು ಇಳಿದರೂ ಉಸಿರಿಗೆ ಗುಣ ಕಾಣುತ್ತದೆ. ರಾತ್ರಿ ಕುಡಿತ ಬೇಡ. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ಬೇಡವೇ ಬೇಡ. ಅದು ಗಂಟಲನ್ನು ಇನ್ನಷ್ಟು ಸಡಿಲ ಮಾಡಬಹುದು. ಜಾತ್ರೆಯಲ್ಲಿ ಮಾರುವ ಗೊರಕೆ ಪುಡಿಗೆ ದುಡ್ಡು ಸುರಿಯಬೇಡಿ.

ಆ ಅಕ್ಕ ಇಲ್ಲೇ ನಿಮ್ಮ ನಡುವೆ ಕೂತಿದ್ದಾರೆ. "ಹೇಳಿ ಟೀಚರಮ್ಮ, ಇನ್ನೊಬ್ಬರಿಗೆ ಉಪಯೋಗ ಆಗ್ಲಿ" ಎಂದು ಅವರೇ ಒಪ್ಪಿದ್ದಾರೆ. ತೂಕಡಿಕೆ ಹತೋಟಿಗೆ ಬರುವ ತನಕ ಗಾಡಿ ಓಡಿಸಬಾರದೆಂದು ವೈದ್ಯರು ಹೇಳಿದರು. ಎರಡು ತಿಂಗಳು ಮೈದುನ ಟೆಂಪೊ ಓಡಿಸಿದರು. ಯಂತ್ರಕ್ಕೆ ಸ್ವಸಹಾಯ ಸಂಘದಿಂದ ಸಾಲ ತೆಗೆದರು. ಮೊದಲ ವಾರ ಯಜಮಾನರು ಮಾಸ್ಕು ಕಿತ್ತು ಬಿಸಾಡುತ್ತಿದ್ದರು. ಅಕ್ಕ ಮತ್ತೆ ತಂದು ಹಾಕುತ್ತಿದ್ದರು. ಈಗ ಹಗಲು ತೂಕಡಿಕೆ ಇಲ್ಲ. ವೈದ್ಯರು ಒಪ್ಪಿದ ಮೇಲೆ ಮತ್ತೆ ಗಾಡಿ ಹತ್ತಿದ್ದಾರೆ. ಸಾಲದ ಕಂತು ಇನ್ನೂ ಇದೆ. ಆದರೆ ಬೆಳಗಿನ ಜಾವ ಟೆಂಪೊ ಹೊರಟಾಗ ಅಕ್ಕನ ಎದೆ ಹೊಡೆದುಕೊಳ್ಳುವುದಿಲ್ಲ.

ಅಕ್ಷರ ಕಲಿತು ಏನು ಮಾಡೋದು ಎಂದು ಕೇಳುತ್ತೀರಲ್ಲ? ಒಂದು ಪುಟ ಬರೆದಿಡಿ. ಆ ಪುಟ ಒಂದು ಜೀವ ಉಳಿಸಬಹುದು.

ಓದಿ, ಉತ್ತರ ಹೇಳಿ

1. ಗೊರಕೆಯ ಸದ್ದು ಹೇಗೆ ಬರುತ್ತದೆ?
2. ಯಾವ ಗೊರಕೆಗೆ ಹೆದರಬೇಕು?
3. ಅಕ್ಕ ನೋಟ್‌ಬುಕ್ಕಿನಲ್ಲಿ ಏನು ಬರೆದರು?
4. ನಿಮ್ಮ ಮನೆಯಲ್ಲಿ ಯಾರು ಗೊರಕೆ ಹೊಡೆಯುತ್ತಾರೆ? ಇವತ್ತು ರಾತ್ರಿ ಗಮನಿಸಿ. ಎರಡು ಸಾಲು ಬರೆಯಿರಿ.