ಕೇಳುಸ್ಕರರು ಕೊಟ್ಟ ಪುಸ್ತಕ



ನಾಸಿಕದಿಂದ ಈ ಸಂಭಾಜಿನಗರಕ್ಕೆ ಬರುವ ದಾರಿಯಲ್ಲಿ ಯೇವಲಾ ಎಂಬ ಪಟ್ಟಣವೊಂದು ಸಿಕ್ಕುತ್ತದೆ. ಪೈಠಣಿ ಸೀರೆಯ ನೇಯ್ಗೆಗೆ ಹೆಸರಾದ ಊರದು. ನಿನ್ನೆ ಅಪರಾಹ್ನ ನಾನು ಅಲ್ಲಿ ಇಳಿದು, 1935ರ ಅಕ್ಟೋಬರ್ 13ರಂದು ಬಾಬಾಸಾಹೇಬ ಅಂಬೇಡ್ಕರರು ತಾವು ಹಿಂದುವಾಗಿ ಹುಟ್ಟಿದುದು ತಮ್ಮ ಕೈಮೀರಿದ ಸಂಗತಿಯಾದರೂ ಹಿಂದುವಾಗಿ ಸಾಯುವುದಿಲ್ಲವೆಂದು ಘೋಷಿಸಿದ ಆ ನೆಲದ ಮೇಲೆ ಕೆಲಹೊತ್ತು ನಿಂತು ಬಂದೆನು. ಎಳೆಯರ ಮನಸ್ಸನ್ನು ರೂಪಿಸುವ ಪ್ರಭಾವಗಳನ್ನು ಕುರಿತು ಮಾತನಾಡಬೇಕೆಂದು ನೀವು ಆಜ್ಞಾಪಿಸಿದ್ದೀರಿ. ಅಲ್ಲಿ ನಿಂತಿದ್ದಾಗ ನನಗೆ ಹೊಳೆದ ಒಂದೇ ಒಂದು ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ. ನಲವತ್ತನಾಲ್ಕು ವರ್ಷದ ಆ ಮಹಾಪುರುಷನ ಮಾತಿನ ಹಿಂದೆ ಹದಿನಾರು ವರ್ಷದ ಹುಡುಗನೊಬ್ಬನು ಓದಿದ ಪುಸ್ತಕವಿತ್ತು. ಆ ಪುಸ್ತಕವನ್ನು ಅವನ ಕೈಗಿತ್ತವರು ಆ ಮಾತನ್ನು ಕೇಳಲು ಬದುಕಿರಲಿಲ್ಲ.

ಹುಡುಗನ ತಂದೆ ರಾಮಜಿ ಸಕಪಾಲರು ಸೇನೆಯಿಂದ ನಿವೃತ್ತರಾಗಿ ಮುಂಬಯಿಯ ಚಾಳೊಂದರಲ್ಲಿ ಇಕ್ಕಟ್ಟಿನ ಸಂಸಾರ ಸಾಗಿಸುತ್ತಿದ್ದವರು. ಮಗನು ಕೇಳಿದ ಪುಸ್ತಕಕ್ಕೆ ಕೈಯಲ್ಲಿ ಹಣವಿಲ್ಲದಾಗ ಆ ಮುದುಕರು ಮದುವೆಯಾಗಿ ಹೋಗಿದ್ದ ಹೆಣ್ಣುಮಕ್ಕಳ ಮನೆಗೆ ನಡೆದು, ಅವರ ಮೈಮೇಲಿನ ಒಡವೆಯನ್ನು ಬೇಡಿ ತಂದು, ಅಡವಿಟ್ಟು, ಪಿಂಚಣಿ ಬಂದ ಮೇಲೆ ಬಿಡಿಸಿ ಹಿಂದಿರುಗಿಸುತ್ತಿದ್ದರಂತೆ. ಅಕ್ಕನ ಬರಿದಾದ ಕೊರಳನ್ನು ಕಂಡ ತಮ್ಮನಿಗೆ ವಿದ್ಯೆಯ ಬೆಲೆಯನ್ನು ಬೇರೆ ಯಾವ ಗುರುವು ಹೇಳಿಕೊಡಬೇಕಾಗಿತ್ತು?

ಮನೆಯಲ್ಲಿ ಓದಲು ಎಡೆಯಿಲ್ಲದ ಆ ಹುಡುಗನು ಶಾಲೆ ಬಿಟ್ಟೊಡನೆ ಚರ್ನಿ ರಸ್ತೆಯ ಉದ್ಯಾನಕ್ಕೆ ಹೋಗಿ ಕೂರುತ್ತಿದ್ದನು. ಅಲ್ಲಿಗೇ ದಿನವೂ ಬರುತ್ತಿದ್ದ ಶಿಕ್ಷಕರೂ ಗ್ರಂಥಕರ್ತರೂ ಆದ ಕೃಷ್ಣರಾವ್ ಅರ್ಜುನ ಕೇಳುಸ್ಕರರು, ಆಟದ ಕಡೆಗೆ ಕಣ್ಣೆತ್ತದೆ ಓದುತ್ತ ಕುಳಿತ ಅವನನ್ನು ಕಂಡು, ಯಾರು ಏನೆಂದು ವಿಚಾರಿಸಿ, ಅಂದಿನಿಂದ ತಮ್ಮಲ್ಲಿದ್ದ ಪುಸ್ತಕಗಳನ್ನು ಅವನಿಗೆ ಕೊಡತೊಡಗಿದರು. 1907ರಲ್ಲಿ ಅವನು ಮೆಟ್ರಿಕ್ಯುಲೇಷನ್ ತೇರ್ಗಡೆಯಾದಾಗ ಅವನ ಜನರು ಸೇರಿ ಏರ್ಪಡಿಸಿದ ಅಭಿನಂದನ ಸಭೆಯಲ್ಲಿ ಕೇಳುಸ್ಕರರು ತಾವೇ ಮರಾಠಿಯಲ್ಲಿ ಬರೆದ ಗೌತಮ ಬುದ್ಧನ ಚರಿತ್ರೆಯನ್ನು ಉಡುಗೊರೆಯಾಗಿತ್ತರು. ಮುಂದೆ ಬಡೋದೆಯ ಸಯಾಜಿರಾವ್ ಮಹಾರಾಜರ ಬಳಿಗೆ ಅವನನ್ನು ಕರೆದೊಯ್ದು ತಿಂಗಳಿಗೆ 25 ರೂಪಾಯಿಯ ವಿದ್ಯಾರ್ಥಿವೇತನ ದೊರಕಿಸಿಕೊಟ್ಟವರೂ ಅವರೇ. ವಿದ್ಯಾರ್ಥಿವೇತನವನ್ನು ಲೋಕವು ದೊಡ್ಡ ಉಪಕಾರವೆಂದು ಎಣಿಸೀತು. ನಾನಾದರೋ ಪುಸ್ತಕವನ್ನೇ ದೊಡ್ಡದೆನ್ನುತ್ತೇನೆ.

ಏಕೆಂದರೆ ಆ ಪುಸ್ತಕವು ಹುಡುಗನನ್ನು ತಂದೆಯೊಡನೆ ವಾದಕ್ಕೆ ಹಚ್ಚಿತು. ರಾಮಜಿಯವರು ಮನೆಯಲ್ಲಿ ಮಕ್ಕಳಿಂದ ರಾಮಾಯಣ ಮಹಾಭಾರತಗಳನ್ನು ತಪ್ಪದೆ ಓದಿಸುತ್ತಿದ್ದರು. ಬುದ್ಧನ ಕಥೆಯನ್ನು ಓದಿದ ಮಗನು, ಇಂಥ ಸಾಹಿತ್ಯವನ್ನು ನಮಗೇಕೆ ಪರಿಚಯಿಸಲಿಲ್ಲ, ಬ್ರಾಹ್ಮಣ ಕ್ಷತ್ರಿಯರ ಹಿರಿಮೆಯನ್ನೇ ಹೊಗಳುವ ಕಥೆಗಳನ್ನು ಏಕೆ ಓದಿಸುತ್ತೀರಿ ಎಂದು ನೇರವಾಗಿ ಕೇಳಿದನು. ತಂದೆಯ ಉತ್ತರದ ತಾತ್ಪರ್ಯವಿಷ್ಟು: ನಾವು ಅಸ್ಪೃಶ್ಯರೆನಿಸಿಕೊಂಡವರು, ನಿನ್ನಲ್ಲಿ ಕೀಳರಿಮೆ ಹುಟ್ಟುವುದು ಸಹಜ, ದ್ರೋಣ ಕರ್ಣರಂಥ ಸಾಮಾನ್ಯರು ಎಷ್ಟೆತ್ತರಕ್ಕೆ ಏರಿದರೆಂಬುದನ್ನು ನೋಡು, ಬೆಸ್ತರ ಕುಲದ ವಾಲ್ಮೀಕಿ ರಾಮಾಯಣವನ್ನೇ ರಚಿಸಿದುದನ್ನು ನೋಡು. ತನ್ನ ಬಳಿಯಿದ್ದ ಒಂದೇ ಮದ್ದನ್ನು ಮಗನಿಗೆ ಕುಡಿಸುತ್ತಿದ್ದ ಆ ತಂದೆಯ ಕಳಕಳಿಯನ್ನು ನೆನೆದಾಗ ನನ್ನ ಎದೆ ತುಂಬಿ ಬರುತ್ತದೆ. ಮಗನು ಆ ವಾದದಲ್ಲಿ ಹುರುಳಿದೆಯೆಂದು ಒಪ್ಪಿದನು, ಆದರೆ ತೃಪ್ತನಾಗಲಿಲ್ಲ. ಆತ್ಮಗೌರವವನ್ನು ಕಾಪಾಡಿಕೊಳ್ಳಬೇಕೆಂಬ ಹಂಬಲವನ್ನು ತಂದೆಯಿಂದ ಪಡೆದು, ಅದನ್ನು ಕಾಪಾಡುವ ದಾರಿಯನ್ನು ತಂದೆಯ ಮಾತಿಗೆ ವಿರುದ್ಧವಾಗಿ ಅವನು ಹುಡುಕತೊಡಗಿದನು.

ನಮ್ಮ ಕುವೆಂಪುರವರ ತಾರುಣ್ಯದಲ್ಲಿಯೂ ಇಂಥದೊಂದು ಪ್ರಸಂಗವುಂಟು. ಇಂಗ್ಲಿಷಿನಲ್ಲಿ ಕವಿತೆ ಬರೆದು ಕೈಯಲ್ಲಿ ಹಿಡಿದು ಹೋದ ತರುಣನನ್ನು ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ, ನಿನ್ನ ಮಾತೃಭಾಷೆಯಲ್ಲಿ ಏನು ಬರೆದಿದ್ದೀಯೆ ಎಂದು ಕೇಳಿದಾಗ ಆ ತರುಣನಿಗಾದುದು ನಿರಾಶೆ. ಹಿತವಾಗಿ ಕಾಣದ ಆ ಮಾತೇ ಕನ್ನಡಕ್ಕೆ ಮಹಾಕವಿಯನ್ನು ತಂದಿತು.

ಈಗ ನಾಸಿಕಕ್ಕೆ ಬರೋಣ. ಕನ್ನಡ ನಾಡಿನ ಬಡಗಣ ಎಲ್ಲೆಯೆಂದು ಕವಿರಾಜಮಾರ್ಗವು ಹೆಸರಿಸಿದ ಗೋದಾವರಿಯ ದಡದಲ್ಲಿ, ಪಂಚವಟಿಯ ಕಾಳಾರಾಮನ ಗುಡಿಯ ಮುಂದೆ, 1930ರ ಮಾರ್ಚ್ 2ರಂದು ಅಸ್ಪೃಶ್ಯರ ಗುಡಿಪ್ರವೇಶಕ್ಕಾಗಿ ಅಂಬೇಡ್ಕರರ ಸತ್ಯಾಗ್ರಹ ಆರಂಭವಾಯಿತು. ಅದರ ಭಾರವನ್ನು ಹೊತ್ತವರಲ್ಲಿ ಮುಂದಾಳು, ಇನ್ನೂ ಮೂವತ್ತು ತುಂಬದಿದ್ದ, ನಾಸಿಕ ಜಿಲ್ಲೆಯವರೇ ಆದ ಭಾವೂರಾವ್ ಗಾಯಕವಾಡರು. ಬಾಗಿಲು ಮುಚ್ಚಿತು, ಕಲ್ಲು ಬಿದ್ದುವು, ಹೋರಾಟವು ವರ್ಷಗಟ್ಟಲೆ ನಡೆಯಿತು, ಬಾಗಿಲು ತೆರೆಯಲಿಲ್ಲ. ತಂದೆಯು ಓದಿಸಿದ ಕಥೆಯ ನಾಯಕನ ಬಾಗಿಲಲ್ಲಿಯೇ ಮಗನು ಹೀಗೆ ನಿಲ್ಲಬೇಕಾಯಿತು. ಅಲ್ಲಿಂದ ಐದನೆಯ ವರ್ಷಕ್ಕೆ ಯೇವಲಾದ ಘೋಷಣೆ. ಕೇಳುಸ್ಕರರು 1934ರಲ್ಲಿಯೇ ತೀರಿಕೊಂಡಿದ್ದರು.

ತಾವು ಪಡೆದುದನ್ನು ಅಂಬೇಡ್ಕರರು ಮರಳಿ ಎಲ್ಲಿ ಕೊಟ್ಟರೆಂದು ಕೇಳುವವರು ಈ ಊರಿನ ನಾಗಸೇನವನಕ್ಕೆ ಹೋಗಿ ನೋಡಬೇಕು. ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳೊಡನೆ ಈ ಪ್ರಾಂತವೂ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದಲ್ಲಿ, ಉಚ್ಚ ಶಿಕ್ಷಣವು ಬಡವರಿಗೆ ಎಟುಕದಿದ್ದ ಈ ಸೀಮೆಯಲ್ಲಿ, 1950ರಲ್ಲಿ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿಯು ಕಾಲೇಜೊಂದನ್ನು ತೆರೆಯಿತು. ಅದಕ್ಕೆ ಅವರು ಆರಿಸಿದ ಹೆಸರನ್ನು ಗಮನಿಸಿರಿ: ಮಿಲಿಂದ. ಪಾಲಿ ಗ್ರಂಥದಲ್ಲಿ ನಾಗಸೇನ ಭಿಕ್ಷುವನ್ನು ಒಂದರ ಮೇಲೊಂದು ಪ್ರಶ್ನೆಗಳಿಂದ ಪರೀಕ್ಷಿಸಿದ ಯವನ ದೊರೆಯ ಹೆಸರದು. ಉತ್ತರ ಹೇಳಿದ ಗುರುವಿನ ಹೆಸರನ್ನು ವನಕ್ಕಿತ್ತು, ಕೇಳಿದವನ ಹೆಸರನ್ನು ವಿದ್ಯಾಲಯಕ್ಕಿತ್ತುದರಲ್ಲಿ, ಅಂದು ತಂದೆಯನ್ನು ಪ್ರಶ್ನಿಸಿದ ಹುಡುಗನ ದನಿಯು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಆ ವಿದ್ಯಾಲಯದ ಪ್ರಾಂಶುಪಾಲರಾಗಿದ್ದ ಚಿಟ್ನಿಸರು ‘ಯುಗಯಾತ್ರಾ’ ಎಂಬ ನಾಟಕವನ್ನು ಬರೆದು ವಿದ್ಯಾರ್ಥಿಗಳಿಂದ ಆಡಿಸಿದರು. ತಮ್ಮ ಹಿರಿಯರ ಬಾಳನ್ನು ಆ ಹುಡುಗರು ತಾವೇ ರಂಗದ ಮೇಲೆ ಬಾಳಿ ತೋರಿಸಿದರು. ಅಮೆರಿಕದಲ್ಲಿ ಅಧ್ಯಯನ ಮಾಡಿ, ಅಲ್ಲಿಯ ಕರಿಯ ಲೇಖಕರ ಬರಹಗಳನ್ನು ಎದೆಗಿಳಿಸಿಕೊಂಡು ಹಿಂದಿರುಗಿದ ಎಂ. ಎನ್. ವಾನಖೇಡೆಯವರು ಮುಂದೆ ಇಲ್ಲಿಯೇ ಪ್ರಾಂಶುಪಾಲರಾಗಿ, ನಿಮ್ಮ ಅನುಭವವೂ ಸಾಹಿತ್ಯವೇ ಎಂಬ ಧೈರ್ಯವನ್ನು ತರುಣರಿಗೆ ತುಂಬಿದರು. ಇಲ್ಲಿ ಅಧ್ಯಾಪಕರಾಗಿದ್ದ ಗಂಗಾಧರ ಪಾನತಾವಣೆಯವರ ‘ಅಸ್ಮಿತಾದರ್ಶ’ ಪತ್ರಿಕೆಯು, ಯಾವ ಪತ್ರಿಕೆಯೂ ಅಚ್ಚು ಹಾಕಲೊಲ್ಲದ ಹುಡುಗರ ಮೊದಲ ಕವಿತೆಗಳಿಗೆ ದಶಕಗಳ ಕಾಲ ಆಶ್ರಯವಾಯಿತು. ಅದರ ಹೆಸರಿನಲ್ಲಿ ಅಸ್ಮಿತೆಯೂ ಇದೆ, ಆದರ್ಶವೆಂಬ ಕನ್ನಡಿಯೂ ಇದೆ. ತನ್ನ ಮುಖವನ್ನು ಪರರ ಕಣ್ಣಿನಲ್ಲಿಯೇ ನೋಡಿಕೊಂಡು ಬೆಳೆದ ತರುಣನಿಗೆ ತನ್ನದೇ ಕನ್ನಡಿಯನ್ನು ಕೊಡುವವನಷ್ಟು ಹತ್ತಿರದ ಬಂಧು ಬೇರೆ ಇಲ್ಲವೆಂದು ನಾನು ನಂಬಿದ್ದೇನೆ.

1956ರ ಬೇಸಗೆಯ ಮೊದಲಲ್ಲಿ, ಬೌದ್ಧ ಧರ್ಮದೀಕ್ಷೆಗೆ ಕೆಲವು ತಿಂಗಳು ಮುಂಚೆ, ಕಾಯಿಲೆಯಿಂದ ಕುಗ್ಗಿದ್ದ ಅಂಬೇಡ್ಕರರು ತಮ್ಮ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥಕ್ಕೊಂದು ಮುನ್ನುಡಿ ಬರೆದರು. ಬುದ್ಧನ ಕಡೆಗೆ ತಾವು ಹೇಗೆ ತಿರುಗಿದೆವೆಂದು ಹೇಳಹೊರಟ ಅವರು, ಅರ್ಧ ಶತಮಾನದ ಹಿಂದಿನ ಆ ಅಭಿನಂದನ ಸಭೆಗೆ ಹಿಂದಿರುಗಿ, ದಾದಾ ಕೇಳುಸ್ಕರರು ಕೊಟ್ಟ ಪುಸ್ತಕವನ್ನೂ ತಂದೆಯೊಡನೆ ನಡೆದ ವಾದವನ್ನೂ ಬಿಡದೆ ಬರೆದಿಟ್ಟಿದ್ದಾರೆ. ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಗ್ರಂಥವು ಮರುವರ್ಷ ಹೊರಬಂದಾಗ ಆ ಮುನ್ನುಡಿಯು ಅದರಲ್ಲಿರಲಿಲ್ಲ. ಕೇಳುಸ್ಕರರ ಹೆಸರು ಇನ್ನೂ ಎಷ್ಟೋ ವರ್ಷ ಕೈಬರಹದ ಹಾಳೆಗಳಲ್ಲಿಯೇ ಉಳಿದಿತ್ತು.