ಬಾಳಿಕೆ ಬರುವ ಪಥ್ಯ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)

ನನ್ನ ಜೊತೆ ಇದೇ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದ ಗೆಳೆಯರೆ, ತಾಯಂದಿರೆ, ಮತ್ತು ಇವರು ಯಾವಾಗ ಮುಗಿಸುತ್ತಾರೋ ಎಂದು ಮುಂದಿನ ಸಾಲಿನಲ್ಲಿ ಕಾಯುತ್ತಿರುವ ವಿದ್ಯಾರ್ಥಿಗಳೆ,

ಶಾಲೆಯ ನೆನಪುಗಳನ್ನು ಹೇಳಿರೆಂದು ನನ್ನನ್ನು ಕರೆದರು. ಅದಕ್ಕಾಗಿ ನಮ್ಮ ಎಸ್ಸೆಸ್ಸೆಲ್ಸಿ ತರಗತಿಯ ಫೋಟೊ ಹುಡುಕಿ ತೆಗೆದೆ. ಮೂವತ್ತೊಂದು ಮುಖಗಳಿದ್ದವು. ಬೆರಳಿಟ್ಟು ಎಣಿಸುತ್ತ ಹೋದೆ. ನನಗೆ ಗೊತ್ತಿರುವ ಮಟ್ಟಿಗೆ ಒಂಬತ್ತು ಮಂದಿಗೆ ಸಕ್ಕರೆ ಕಾಯಿಲೆ. ಅವರಲ್ಲಿ ಇಬ್ಬರು ಈಗ ಇಲ್ಲ, ಒಬ್ಬನಿಗೆ ಕಣ್ಣು ಮಂಜಾಗಿದೆ. ಒಂಬತ್ತರಲ್ಲಿ ನಾನೂ ಒಬ್ಬ. ಆದ್ದರಿಂದ ನೆನಪಿನ ಮಾತು ಬೇರೆಯವರಿಗೆ ಬಿಟ್ಟು, ತಾಟಿನ ಮಾತು ಆಡುತ್ತೇನೆಂದು ಅಪ್ಪಣೆ ಕೇಳಿಕೊಂಡೆ. ನಾನು ಡಾಕ್ಟರಲ್ಲ. ಹನ್ನೆರಡು ವರ್ಷ ಈ ಕಾಯಿಲೆಯ ಜೊತೆ ಸಂಸಾರ ಮಾಡಿದವನು, ಅಷ್ಟೆ.

ಮೊದಲು ನಮ್ಮ ಅಣ್ಣನ ಸಂಗತಿ. ಗೋವಿನಜೋಳದ ಹೊಲದಲ್ಲಿ ಅವನ ಕಾಲಿಗೆ ಜಾಲಿ ಮುಳ್ಳು ಚುಚ್ಚಿತ್ತು. ಚುಚ್ಚಿದ್ದು ಅವನಿಗೆ ತಿಳಿಯಲೇ ಇಲ್ಲ. ಸಕ್ಕರೆ ಬಹಳ ವರ್ಷ ಏರಿಯೇ ಇದ್ದರೆ ಪಾದದ ನರಗಳು ಸತ್ತ ಹಾಗಾಗುತ್ತವೆ, ನೋವೇ ಗೊತ್ತಾಗುವುದಿಲ್ಲ. ಐದಾರು ದಿನಕ್ಕೆ ವಾಸನೆ ಬಂದಾಗ ಅತ್ತಿಗೆ ನೋಡಿದರು. ಎರಡು ಬೆರಳು ತೆಗೆದರು, ಆಮೇಲೆ ಅರ್ಧ ಪಾದ. ಅವನಿಗೆ ಮಾತ್ರೆ ಬರೆದುಕೊಟ್ಟಿದ್ದರು. ಮೈ ಚೆನ್ನಾಗಿದೆ ಅನ್ನಿಸಿದ ದಿನ ನುಂಗುತ್ತಿರಲಿಲ್ಲ, ಬ್ಯಾನಿ ಇದ್ದರೆ ತಾನೆ ಔಷಧ ಎಂಬ ಲೆಕ್ಕ. ಈ ಕಾಯಿಲೆಯ ಮೋಸವೇ ಅದು. ನೋಯದೆ ಕೆಡಿಸುತ್ತದೆ.

ಅಣ್ಣನನ್ನು ನೋಡಿ ನಾನು ಹೆದರಿದೆ. ಹೆದರಿದವನು ಬುದ್ಧಿವಂತನಾಗುತ್ತಾನೆ ಎಂದೇನೂ ಇಲ್ಲ. ಆಗ ನನ್ನ ತೂಕ 84 ಕಿಲೊ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.1. ಅದು 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ಮುಟ್ಟಿದರೆ ಕಾಯಿಲೆ. ಯಾರೋ ಮೊಬೈಲಿನಲ್ಲಿ ಒಂದು ಪಥ್ಯ ಕಳಿಸಿದರು: ಧಾನ್ಯವೇ ಬೇಡ, ರೊಟ್ಟಿ ಅನ್ನ ಎರಡೂ ಬಂದ್. ಮೂರು ತಿಂಗಳು ಹಟ ಹಿಡಿದು ಮಾಡಿದೆ. ಎಂಟು ಕಿಲೊ ಇಳಿದೆ. ಊರಲ್ಲಿ ಸಿಕ್ಕವರೆಲ್ಲ "ಏನ್ರಿ ಸರ, ಭಾಳ ಸೊರಗೀರಿ, ಆರಾಮ ಅದೀರಿಲ್ಲೊ?" ಎಂದು ಕೇಳುವಂತಾಯಿತು. ಮುಂದೆ ಸೀಗೆ ಹುಣ್ಣಿಮೆ ಬಂತು. ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕೂತಾಗ ನಾನೊಬ್ಬ ಡಬ್ಬಿ ಬಿಚ್ಚಿಕೊಂಡು ಬೇರೆ ಏನೋ ತಿನ್ನುತ್ತಿದ್ದೆ. ಆ ದಿನ ನನ್ನ ಪಥ್ಯ ಮುರಿಯಿತು. ಮುರಿದದ್ದು ಮುರಿದೇ ಹೋಯಿತು. ಎಂಟು ತಿಂಗಳಲ್ಲಿ ತೂಕ 85ಕ್ಕೆ ಬಂದು ನಿಂತಿತು, ಒಂದು ಕಿಲೊ ಬಡ್ಡಿ ಸಮೇತ.

ಅದೇ ಹೊತ್ತಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ಶ್ರಾವಣ ಸೋಮವಾರ ಉಪವಾಸ ಇದ್ದೆ, ಮಾತ್ರೆಯನ್ನು ಮಾತ್ರ ದಿನದಂತೆ ನುಂಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕೈ ನಡುಗಿ, ಬೆವತು, ಕಣ್ಣು ಕತ್ತಲೆ ಬಂತು. ಅಲ್ಲಿದ್ದ ಹುಡುಗನೊಬ್ಬ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಸಿ ಕುಡಿಸಿದ. ಅವನು ಯಾರೆಂದು ಇಂದಿಗೂ ತಿಳಿಯದು. ನನ್ನದು ಗ್ಲಿಮೆಪಿರೈಡ್ ಎಂಬ ಮಾತ್ರೆ. ಅದು ಊಟ ಇರಲಿ ಬಿಡಲಿ ಸಕ್ಕರೆಯನ್ನು ಇಳಿಸುತ್ತದೆ. ಇನ್ಸುಲಿನ್ ಕೂಡ ಹಾಗೆಯೇ. ಆದ್ದರಿಂದ ನೀವು ಊಟ ಕಡಿಮೆ ಮಾಡುವುದಾದರೆ, ಉಪವಾಸ ಹಿಡಿಯುವುದಾದರೆ, ಮೊದಲೇ ಡಾಕ್ಟರಿಗೆ ತಿಳಿಸಿರಿ. ಡೋಸು ಇಳಿಸಬೇಕಾಗಬಹುದು. ನೀವಾಗಿಯೇ ಮಾತ್ರೆ ಬಿಡುವುದೂ ಅಷ್ಟೇ ಅಪಾಯ, ಅಣ್ಣನ ಪಾದ ಹೋದದ್ದು ಹಾಗೆ.

ಇಷ್ಟೆಲ್ಲ ಆದ ಮೇಲೆ ಒಬ್ಬ ಹಿರಿಯ ಡಾಕ್ಟರರ ಮುಂದೆ ಕೂತೆ. ಅವರು ಔಷಧಿ ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಿದರು: "ಈ ಊಟ ನೀವು ಇಪ್ಪತ್ತು ವರ್ಷ ಮಾಡತೀರೇನ್ರಿ? ಮಾಡೂದಿಲ್ಲಂದ್ರ ಇವತ್ತ ಬಿಡ್ರಿ." ಪಥ್ಯ ಆರಿಸುವುದಕ್ಕೆ ನನಗೆ ಸಿಕ್ಕ ಒರೆಗಲ್ಲು ಇದೊಂದೇ.

ಹಾಗಾದರೆ ನಮ್ಮ ಭಾಗದವನು ಇಪ್ಪತ್ತು ವರ್ಷ ಮಾಡಬಲ್ಲ ಊಟ ಯಾವುದು? ಹೊರಗೆ ಹುಡುಕಬೇಕಿಲ್ಲ. ನಮ್ಮ ಅವ್ವ ಕಟ್ಟಿ ಕೊಡುತ್ತಿದ್ದ ಬುತ್ತಿಯಲ್ಲಿ ರೊಟ್ಟಿ ಇತ್ತು, ಮಡಕಿಕಾಳೋ ಹೆಸರುಕಾಳೋ ಪಲ್ಯ ಇತ್ತು, ಅಗಸಿ ಚಟ್ನಿ ಅಥವಾ ಗುರೆಳ್ಳು ಚಟ್ನಿ, ಕಡಿದುಕೊಳ್ಳಲು ಉಳ್ಳಾಗಡ್ಡಿ, ಹೊಲದ ಬದುವಿನಲ್ಲಿ ಕಿತ್ತ ಹಕ್ಕರಕಿ ಸೊಪ್ಪು. ಅನ್ನ ಕೊನೆಗೆ ಒಂದು ಹಿಡಿ, ಮಜ್ಜಿಗೆಗೆ. ಅಕ್ಕಿ ಅಂದರೆ ಹಬ್ಬ. ಈಗ ಜೋಳದ ಹೊಲ ಗೋವಿನಜೋಳವಾಯಿತು, ಅದು ನಮ್ಮ ತಾಟಿಗೆ ಬರುವುದಿಲ್ಲ, ಲಾರಿ ಹತ್ತಿ ಹೋಗುತ್ತದೆ. 2013ರಲ್ಲಿ ಅನ್ನಭಾಗ್ಯ ಬಂತು. ಹಸಿದ ಮನೆಗಳಿಗೆ ಅದು ಎಷ್ಟು ದೊಡ್ಡ ಆಸರೆಯೆಂದು ನಾನು ಕಂಡಿದ್ದೇನೆ, ಅದನ್ನು ಹಳಿಯುವವನಲ್ಲ. ಆದರೆ ರೊಟ್ಟಿ ಬಡಿಯುವುದು ಕಷ್ಟ, ಅನ್ನಕ್ಕಿಡುವುದು ಸುಲಭ. ಹಬ್ಬದ ಧಾನ್ಯ ಮೂರು ಹೊತ್ತಿನದಾಯಿತು.

ಇದೇ ಜಿಲ್ಲೆಯ ಬಾಡದಲ್ಲಿ ಹುಟ್ಟಿ ಕಾಗಿನೆಲೆಯಲ್ಲಿ ನೆಲೆಸಿದ ಕನಕದಾಸರು ‘ರಾಮಧಾನ್ಯ ಚರಿತೆ’ ಬರೆದರಲ್ಲ. ರಾಗಿಗೂ ಭತ್ತಕ್ಕೂ ಜಗಳ ಬಿದ್ದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಹೊರಗೆ ತಂದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ದಾಸರು ಹೇಳಿದ್ದು ಬಡವರ ಮಾನದ ಮಾತು, ಸಕ್ಕರೆ ಕಾಯಿಲೆಯ ಮಾತಲ್ಲ. ಆ ಕಾವ್ಯವನ್ನು ಸಿರಿಧಾನ್ಯದ ಜಾಹೀರಾತು ಮಾಡಿಕೊಂಡವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಏಕೆಂದರೆ ನಾನೂ ಆ ಜಾಹೀರಾತಿಗೆ ಬಿದ್ದವನೇ. ನವಣಿ, ಸಾವಿ ಒಳ್ಳೆಯವು ಎಂದು ತಾಟಿನ ತುಂಬ ಹಾಕಿಕೊಂಡೆ. ಸಕ್ಕರೆ ಇಳಿಯಲಿಲ್ಲ. ಲೆಕ್ಕ ನೋಡಿರಿ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ, ನೂರು ಗ್ರಾಂ ಜೋಳದಲ್ಲಿ ಸುಮಾರು 334. ದೊಡ್ಡ ವ್ಯತ್ಯಾಸವೇನೂ ಇಲ್ಲ. ವ್ಯತ್ಯಾಸ ಇರುವುದು ನಾರಿನಲ್ಲಿ: ಜೋಳದಲ್ಲಿ ಸುಮಾರು 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ನಾರು ಇದ್ದರೆ ಸಕ್ಕರೆ ನಿಧಾನ ಏರುತ್ತದೆ, ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ, ಅಗಿಯುವುದಕ್ಕೂ ಹೊತ್ತು ಹಿಡಿಯುತ್ತದೆ. ಆದರೂ ಐದು ರೊಟ್ಟಿ ಐದು ರೊಟ್ಟಿಯೇ. ನಮ್ಮಪ್ಪ ಐದು ತಿನ್ನುತ್ತಿದ್ದ, ನಿಜ. ಅವನು ಹೊತ್ತು ಮುಳುಗುವತನಕ ಎತ್ತಿನ ಹಿಂದೆ ನಡೆಯುತ್ತಿದ್ದ. ನಾನು ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿ, ಬದುವಿನ ಮೇಲೆ ನಿಂತು ನೋಡುತ್ತೇನೆ.

ಈಗ ನನ್ನ ಊಟ ಹೀಗಿದೆ. ತಾಟಿನ ಅರ್ಧ ಭಾಗ ಕಾಯಿಪಲ್ಯ, ಸೊಪ್ಪು, ಹಸಿ ಸವತಿಕಾಯಿ, ಮೂಲಂಗಿ. ಕಾಲು ಭಾಗ ಕಾಳು ಅಥವಾ ಝುಣಕ, ಮಾಂಸ ತಿನ್ನುವ ಮನೆಯವರು ಮೊಟ್ಟೆ, ಮೀನು. ಉಳಿದ ಕಾಲು ಭಾಗ ಧಾನ್ಯ, ಅಂದರೆ ನನಗೆ ಎರಡು ರೊಟ್ಟಿ. ಮನೆಯಲ್ಲಿ ತೂಗಿ ನೋಡಿದ್ದೇನೆ, ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು. ಅನ್ನ ಬೇಕೆನಿಸಿದ ದಿನ ಒಂದು ರೊಟ್ಟಿ ಬಿಟ್ಟು ಸಣ್ಣ ಬಟ್ಟಲು ಅನ್ನ. ಪಲ್ಯ, ಕಾಳು ಮೊದಲು ತಿಂದು ರೊಟ್ಟಿ ಅನ್ನ ಆಮೇಲೆ ತಿಂದರೆ ಊಟದ ನಂತರದ ಸಕ್ಕರೆ ಅಷ್ಟು ಏರುವುದಿಲ್ಲ. ಇದಕ್ಕೆ ಖರ್ಚಿಲ್ಲ. ಶೇಂಗಾ ಚಟ್ನಿ ಒಂದು ಚಮಚ ಸಾಕು, ಅದರಲ್ಲಿ ಎಣ್ಣೆ ಬಹಳ. ಬೆಲ್ಲ, ಜೇನು ಸಕ್ಕರೆಯಲ್ಲ ಎಂದು ನಂಬಿದವರು ದಯವಿಟ್ಟು ನಂಬಿಕೆ ಬಿಡಿರಿ. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ.

ಚಹಾದ ವಿಷಯ ಸ್ವಲ್ಪ ಹೆಚ್ಚು ಹೇಳುತ್ತೇನೆ, ನನ್ನ ಗೆದ್ದ ಯುದ್ಧ ಅದೊಂದೇ. ದಿನಕ್ಕೆ ಆರು ಕಪ್ಪು, ಕಪ್ಪಿಗೆ ಎರಡು ಚಮಚ. ಚಮಚಕ್ಕೆ ಐದು ಗ್ರಾಂ ಹಿಡಿದರೆ ದಿನಕ್ಕೆ 60 ಗ್ರಾಂ, ವರ್ಷಕ್ಕೆ ಸುಮಾರು 22 ಕಿಲೊ. ಒಂದು ಚೀಲ ಸಕ್ಕರೆಯ ಹತ್ತಿರ ಹತ್ತಿರ ಅರ್ಧ ಚೀಲ ನಾನೊಬ್ಬನೇ ಕುಡಿದಿದ್ದೆ! ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೇ ಹೇಳುತ್ತದೆ. ಒಮ್ಮೆಲೇ ಬಿಡಲು ಆಗಲಿಲ್ಲ. ಪ್ರತಿ ಹದಿನೈದು ದಿನಕ್ಕೆ ಅರ್ಧ ಚಮಚ ಇಳಿಸುತ್ತ ಬಂದೆ. ಎರಡು ತಿಂಗಳಲ್ಲಿ ಸಕ್ಕರೆಯಿಲ್ಲದ ಚಹಾ ನಾಲಿಗೆಗೆ ಹತ್ತಿತು. ಈಗ ಯಾರಾದರೂ ಸಿಹಿ ಚಹಾ ಕೊಟ್ಟರೆ ಪಾಯಸ ಕುಡಿದಂತಾಗುತ್ತದೆ. ಆದರೆ ಸಂಜೆಯ ಮಂಡಕ್ಕಿ ಮಿರ್ಚಿಯನ್ನು ಪೂರ್ತಿ ಬಿಟ್ಟಿಲ್ಲ, ಸುಳ್ಳು ಹೇಳಲಾರೆ. ವಾರಕ್ಕೊಮ್ಮೆ, ಒಂದು ಮಿರ್ಚಿ.

ಮದುವೆಯಲ್ಲಿ ಬೀಗರು ಕೈ ಹಿಡಿದು ಬಡಿಸುತ್ತಾರೆ. "ಒಂದ ಹೋಳಿಗಿ ತಿಂದ್ರ ಏನಾಗತೈತ್ರಿ ಮಾಮಾ" ಅನ್ನುತ್ತಾರೆ. ನಾನು ಅರ್ಧ ಹೋಳಿಗೆ ಕೇಳಿ ಹಾಕಿಸಿಕೊಂಡು ಅನ್ನ ಬಿಡುತ್ತೇನೆ. ಅವರಿಗೂ ಸಮಾಧಾನ, ನನಗೂ ನಾಲಿಗೆ ರುಚಿ. ಸೀಗೆ ಹುಣ್ಣಿಮೆಗೆ ಈಗ ಎಲ್ಲರ ಸಾಲಿನಲ್ಲೇ ಕೂಡುತ್ತೇನೆ.

ಇದೆಲ್ಲ ನಾನೊಬ್ಬನೇ ಮಾಡಿದ್ದಲ್ಲ. ಒಂದೇ ಮನೆಯಲ್ಲಿ ಎರಡು ಅಡುಗೆ ನಡೆಯುವುದಿಲ್ಲ, ನಡೆಸುವ ಹೆಣ್ಣುಮಗಳಿಗೆ ಅದು ಶಿಕ್ಷೆ. ನನ್ನ ಹೆಂಡತಿ ಇಡೀ ಮನೆಗೇ ಇದೇ ಅಡುಗೆ ಮಾಡತೊಡಗಿದಳು. ಒಂದು ದಿನ ಡಾಕ್ಟರರು, "ಇವರದು ಟೆಸ್ಟ್ ಮಾಡಿಸೀರೇನು?" ಎಂದು ಕೇಳಿದರು. ಮಾಡಿಸಿರಲಿಲ್ಲ. ಹತ್ತು ವರ್ಷ ನನ್ನ ರಿಪೋರ್ಟಿನ ಚೀಲ ಹಿಡಿದು ಜೊತೆಗೆ ಬಂದವಳ ಬೆರಳಿಗೆ ನಾವು ಯಾರೂ ಒಮ್ಮೆಯೂ ಸೂಜಿ ಮುಟ್ಟಿಸಿರಲಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ 118 ಬಂತು. 100ರಿಂದ 125 ಅಂದರೆ ಕಾಯಿಲೆಯ ಹೊಸ್ತಿಲು. ಎಲ್ಲರದೂ ಆದ ಮೇಲೆ ಉಳಿದ ಅನ್ನವನ್ನು ಕೆಡಬಾರದೆಂದು ತಾನು ಉಣ್ಣುತ್ತಿದ್ದವಳು ಅವಳು. ಆ ದಿನ ನನಗಾದ ನಾಚಿಕೆಯನ್ನು ಇಲ್ಲಿ ಹೇಳದಿದ್ದರೆ ಈ ಭಾಷಣ ಮಾಡಿಯೂ ಉಪಯೋಗವಿಲ್ಲ.

ಹೊಸ್ತಿಲಲ್ಲಿ ಇರುವವರನ್ನು ತಿರುಗಿಸಬಹುದು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ ಮತ್ತು ನಡಿಗೆ ಸುಧಾರಿಸಿಕೊಂಡವರಲ್ಲಿ ಕಾಯಿಲೆಯಾಗುವ ಸಂಭವ ಸುಮಾರು 28 ಪ್ರತಿಶತ ಕಡಿಮೆಯಾಯಿತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿ ಜನ ಸಕ್ಕರೆ ಕಾಯಿಲೆಯವರು, 13 ಕೋಟಿಗೂ ಮಿಕ್ಕಿ ಹೊಸ್ತಿಲಲ್ಲಿದ್ದವರು. ಬ್ರಿಟನ್ನಿನಲ್ಲಿ ಡಾಕ್ಟರರ ಕಾವಲಿನಲ್ಲಿ ತೂಕ ಇಳಿಸಿದವರ ಪೈಕಿ ಹೆಚ್ಚುಕಡಿಮೆ ಅರ್ಧ ಜನ ಒಂದು ವರ್ಷದ ಕೊನೆಗೆ ಮಾತ್ರೆಯಿಲ್ಲದೆ ಇದ್ದರೆಂದು 2017ರಲ್ಲಿ ವರದಿಯಾಯಿತು. ಅವರೆಲ್ಲ ಕಾಯಿಲೆ ಬಂದು ಆರು ವರ್ಷದೊಳಗಿನವರು. ನನ್ನದು ಹಳೆಯ ಗಿರಾಕಿ, ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಹದಿನಾಲ್ಕು ತಿಂಗಳಲ್ಲಿ ನಾನು 85ರಿಂದ 74ಕ್ಕೆ ಬಂದೆ, ತಿಂಗಳಿಗೆ ಒಂದು ಕಿಲೊ ಕೂಡ ಅಲ್ಲ. ಎಚ್‌ಬಿಎ1ಸಿ 6.7. ಎರಡು ಮಾತ್ರೆ ಇದ್ದದ್ದು ಡಾಕ್ಟರರೇ ಒಂದು ಮಾಡಿದರು. ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುತ್ತೇನೆ, ಊಟದ ಮೇಲೆ ಹತ್ತು ನಿಮಿಷ ಅಂಗಳದಲ್ಲೇ ಅಡ್ಡಾಡುತ್ತೇನೆ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ದಾಟಬಾರದು ಅನ್ನುತ್ತಾರೆ. ನನ್ನದು 104 ಇದ್ದದ್ದು 94 ಆಗಿದೆ. ನಾಲ್ಕು ಬಾಕಿ. ಹೆಂಡತಿಯದು ಈಗ 101, ಅಂದರೆ ರಕ್ತದ ಸಕ್ಕರೆ, ಸೊಂಟವಲ್ಲ. ಅಲ್ಲಿ ಕೂತು ನಗುತ್ತಿದ್ದಾಳೆ, ಮನೆಗೆ ಹೋದ ಮೇಲೆ ನನಗಿದೆ.

ಮೂವತ್ತು ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿಪಿ ಪರೀಕ್ಷೆ ಉಚಿತ. ಇವತ್ತು ಅದಕ್ಕೂ ದೂರ ಹೋಗಬೇಕಿಲ್ಲ. ನಾವು ಹತ್ತನೇ ತರಗತಿಯಲ್ಲಿ ಕೂಡುತ್ತಿದ್ದ ಆ ಮೂಲೆ ಕೋಣೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಮೇಜು ಹಾಕಿ ಕೂತಿದ್ದಾರೆ. ಊಟಕ್ಕೆ ಮುಂಚೆ ಹೋಗಿರಿ. ಗಂಡಸರು ಒಬ್ಬರೇ ಹೋಗಬೇಡಿರಿ, ಮನೆಯವರನ್ನೂ ಕರೆದುಕೊಂಡು ಹೋಗಿರಿ. ಬೇಕಾದರೆ ಅವರನ್ನೇ ಮೊದಲು ಕೂರಿಸಿರಿ. ಅಡುಗೆಯವರನ್ನು ಕೇಳಿ ಬಂದಿದ್ದೇನೆ, ಜುನಕಾ ರೊಟ್ಟಿ, ಮಡಕಿಕಾಳು, ಬದನಿಕಾಯಿ ಪಲ್ಯ, ಜೊತೆಗೆ ಗೋದಿ ಹುಗ್ಗಿ ಇದೆಯಂತೆ. ಹುಗ್ಗಿ ನನಗೆ ಎರಡು ಚಮಚ ಎಂದು ಹೇಳಿ ಬಂದಿದ್ದೇನೆ.